ದೋಣಿಯವನ ಹಾಡಿಗೆ ತಾಳ ಹಾಕಿದ್ದು

ನಾನು ಒಂದು ಐರಿಷ್ ಜನಪದ ತಂಡದಲ್ಲಿ ಮೃದಂಗ ಬಾರಿಸುತ್ತೇನೆ. ಹೀಗೆ ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ. ಡಲ್ಲಾಸಿನ ಕನ್ನಡದವರ ಕೂಟಗಳಲ್ಲಿ ಹೊಸಬರು ಯಾರಾದರೂ "ವೀಕೆಂಡ್ ಏನ್ ಮಾಡ್ತೀರ ಆಂಟಿ?" ಎಂದು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ. ಹೇಳಿ ಅವರ ಮುಖ ನೋಡುತ್ತೇನೆ. ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡವೊಂದನ್ನು ನಡೆಸುತ್ತೇನೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ಇದಕ್ಕೆ ಮಾತ್ರ ತಟ್ಟೆ ಕೆಳಗಿಟ್ಟು ಕೇಳುತ್ತಾರೆ.

ನನ್ನ ಗಂಡ ಧಾರವಾಡದವರು. ಅವರು ನಮ್ಮ ತಂಡಕ್ಕೆ ಐರಿಷ್ ಭಜನಿ ಮಂಡಳಿ ಎಂದು ಹೆಸರಿಟ್ಟಿದ್ದಾರೆ. "ಈ ವಾರ ಎಲ್ಲಿ ಐತಿ ನಿಮ್ಮ ಭಜನಿ? ಹ್ಯೂಸ್ಟನ್ನೋ ಆಸ್ಟಿನ್ನೋ?" ಎನ್ನುತ್ತಾ ಮೃದಂಗದ ಚೀಲವನ್ನು ತಾವೇ ಕಾರಿಗೆ ಇಡುತ್ತಾರೆ. ನಗುವುದು ನಗುತ್ತಾರೆ, ಚೀಲ ಹೊರುವುದನ್ನು ಒಮ್ಮೆಯೂ ತಪ್ಪಿಸಿಲ್ಲ.

ಮೈಸೂರಿನಲ್ಲಿ ನಾನು ಮೃದಂಗ ಕಲಿಯಲು ಹೋದ ಕಾಲಕ್ಕೆ ನಮ್ಮ ಬೀದಿಯ ಹುಡುಗಿಯರೆಲ್ಲ ವೀಣೆ, ಹಾಡು ಎಂದು ಹೋಗುತ್ತಿದ್ದರು. ಗುರುಗಳು ನನ್ನ ಅಂಗೈಯನ್ನು ತರಕಾರಿ ಒತ್ತಿ ನೋಡುವ ಹಾಗೆ ಒತ್ತಿ ನೋಡಿ, "ಬಲ ಇದೆಯಮ್ಮ, ಹಟ ಇದೆಯೋ?" ಎಂದು ಕೇಳಿದ್ದರು. ಹಟವಂತೂ ಇತ್ತು. ಹನ್ನೊಂದು ವರ್ಷ ಕಲಿತೆ. ಆದರೆ ಕಛೇರಿಗೆ ಪಕ್ಕವಾದ್ಯಕ್ಕೆ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ಹೆಂಗಸಿನ ಮೃದಂಗ ಇಟ್ಟುಕೊಂಡು ಹಾಡುವುದು ಹೇಗೆ ಎಂದು ಒಬ್ಬ ವಿದ್ವಾಂಸರು ನನ್ನ ಎದುರಿಗೇ ಅಂದಿದ್ದರು. ಆ ಸಿಟ್ಟು ನನಗೆ ಇನ್ನೂ ಇದೆ. ಮದುವೆಯಾಗಿ ಟೆಕ್ಸಾಸಿಗೆ ಬಂದೆ, ಮೃದಂಗ ಲಿಟಲ್ ಎಲ್ಮ್‌ನ ಮನೆಯ ಕ್ಲಾಸೆಟ್ ಸೇರಿತು, ನವರಾತ್ರಿಗೆ ಹೊರಗೆ ಬಂದು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

ಅದನ್ನು ಹೊರಗೆ ತೆಗೆಸಿದ್ದು ನನ್ನ ಬಲಭುಜ. ನಲವತ್ತಕ್ಕೆ ಭುಜ ಹಿಡಿದುಕೊಂಡಿತು, ಜಡೆ ಹಾಕಿಕೊಳ್ಳಲೂ ಕೈ ಏಳದು. ಆಫೀಸಿನ ಹತ್ತಿರವೇ ಫಿಸಿಯೋಥೆರಪಿಗೆ ಹೋದೆ. ಅಲ್ಲಿ ನನ್ನ ಕೈ ತಿರುಗಿಸಿ ಕಣ್ಣಲ್ಲಿ ನೀರು ತರಿಸುತ್ತಿದ್ದವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಕೆಂಚುಗೂದಲಿನ ಐರಿಷ್ ಹೆಂಗಸು. ನೋವು ತಡೆಯಲಾರದೆ ನಾನು ಎಡಗೈ ಬೆರಳಲ್ಲಿ ಮೇಜಿನ ಮೇಲೆ ಪಾಠ ನುಡಿಸಿಕೊಳ್ಳುತ್ತಿದ್ದೆ. ಅವಳು ತಿರುಗಿಸುವುದನ್ನು ನಿಲ್ಲಿಸಿ, "ಅದೇನದು? ಇನ್ನೊಂದು ಸಲ ಮಾಡು" ಎಂದಳು. ಮಾಡಿದೆ. "ಇದು ನಮ್ಮ ಜಿಗ್ ಕುಣಿತದ ಗತಿ!" ಎಂದು ಕಿರುಚಿದಳು. ಪಕ್ಕದ ಮಂಚದಲ್ಲಿ ಮಂಡಿ ನೋವಿನ ಮುದುಕರೊಬ್ಬರು ಎದ್ದು ಕೂತರು.

(ಇವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ನನ್ನ ಮೈಸೂರು ಕನ್ನಡದಲ್ಲಿ, ಹಾಗೆಯೇ ಬರೆಯುತ್ತಿದ್ದೇನೆ.)

ಅವಳು ಪಿಟೀಲು ನುಡಿಸುತ್ತಿದ್ದಳು, ಹಾಡುತ್ತಿದ್ದಳು. ಭುಜ ಸರಿಯಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಡಲ್ಲಾಸಿನ ಒಂದು ಪಬ್ಬಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಐರಿಷ್ ಸಂಗೀತದವರು ಕುರ್ಚಿಗಳನ್ನು ಸುತ್ತ ಹಾಕಿಕೊಂಡು ತಮ್ಮಷ್ಟಕ್ಕೆ ನುಡಿಸುತ್ತಾ ಕೂರುತ್ತಾರೆ. ನಾನು ಚಪ್ಪಲಿ ಬಿಟ್ಟು, ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸ್ಟೀಲ್ ಬಟ್ಟಲಲ್ಲಿ ಚಿರೋಟಿ ರವೆ ಕಲಸಿ ದನಿ ದಪ್ಪವಾಗಲೆಂದು ಮೃದಂಗದ ಎಡಮುಖಕ್ಕೆ ಮೆತ್ತತೊಡಗಿದೆ. ಬಿಯರ್ ಕೊಡುವವನು ಬಗ್ಗಿ ನೋಡಿ, "ಮೇಡಂ, ಕಿಚನ್ ಆ ಕಡೆ ಇದೆ" ಎಂದ. ಅವನ ತಪ್ಪಲ್ಲ.

ಹಾಡಿನ ಗತಿ ಸಲೀಸಾಗಿ ಸಿಕ್ಕಿತು. ಜಿಗ್ ಎಂದರೆ ತಕಿಟ ತಕಿಟ, ಅಷ್ಟೇ. ಎರಡು ಸುತ್ತು ಆಯಿತು, ಮೂರನೆಯದು ಶುರುವಾಯಿತು, ಮೂರಕ್ಕೆ ಮುಗಿಯುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು. ನಮ್ಮಲ್ಲಿ ಮುಗಿಯುವುದು ಎಂದರೆ ಸುಮ್ಮನೆ ನಿಲ್ಲುವುದೇ? ಮೂರು ಸಲ ಬರುವ ಒಂದು ಭಾರಿ ಮುಕ್ತಾಯ ಕಟ್ಟಿಕೊಂಡು ಬಂದು ಸಮಕ್ಕೆ ಸರಿಯಾಗಿ ಬಡಿದೆ. ಬಡಿದು ಕೈ ಮುಗಿದೆ. ಅಷ್ಟು ಹೊತ್ತಿಗೆ ಉಳಿದವರೆಲ್ಲ ಒಂದು ಕ್ಷಣವೂ ನಿಲ್ಲದೆ ಬೇರೆಯೇ ಗತಿಯ ಇನ್ನೊಂದು ಹಾಡಿಗೆ ಹಾರಿ ಅರ್ಧ ದಾರಿ ಹೋಗಿದ್ದರು. ಕೈ ಮುಗಿದುಕೊಂಡು ಕಾರ್ಪೆಟ್ಟಿನ ಮೇಲೆ ಒಬ್ಬಳೇ ಕೂತಿದ್ದೆ. ಹಾಡು ಮುಗಿದರೂ ಅವರು ಮುಗಿಸುವುದಿಲ್ಲ, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತಾರೆ ಎಂದು ಅವತ್ತು ಗೊತ್ತಾಯಿತು. ಮುಖ ಕೆಂಪಾದರೂ ಎದ್ದು ಬರಲಿಲ್ಲ, ಮುಂದಿನದಕ್ಕೆ ಸೇರಿಕೊಂಡೆ.

ತಂಡ ಕಟ್ಟಿದ್ದು ಅವಳೇ. ನಾವು ನಾಲ್ಕು ಜನ. ಅವಳು, ನಾನು, ಹ್ಯೂಸ್ಟನ್ನಿನಲ್ಲಿ ಶಾಲೆಯ ಮೇಷ್ಟ್ರಾಗಿರುವ, ಮಾತೇ ಆಡದ ಗಿಟಾರಿನವನು, ಮತ್ತೆ ಆಸ್ಟಿನ್ನಿನ ಬೋಳುತಲೆಯವನು. ಈ ಬೋಳುತಲೆಯವನು ಲ್ಯಾಪ್‌ಟಾಪು, ಕೀಬೋರ್ಡು, ಕಾಲಲ್ಲಿ ಒತ್ತುವ ಹತ್ತು ಪೆಡಲುಗಳು ಎಲ್ಲವನ್ನೂ ಹರಡಿಕೊಂಡು ಕೂರುತ್ತಾನೆ. ಅವಳ ಪಿಟೀಲಿನ ಒಂದು ತುಣುಕನ್ನು ಹಿಡಿದು, ಅದನ್ನೇ ಸುತ್ತಿ ಸುತ್ತಿ ಬರಿಸುತ್ತಾನೆ, ಕೆಳಗೆ ನೆಲ ನಡುಗುವಂಥ ಬೇಸ್ ಹಾಕುತ್ತಾನೆ. ಅದರ ಮೇಲೆ ನನ್ನ ತಕಿಟ ಕೂತಾಗ ನಿಜಕ್ಕೂ ಮೈ ಜುಮ್ಮೆನ್ನುತ್ತದೆ. ಅವನ ಕಂಪ್ಯೂಟರಿನಲ್ಲಿ ಈಗ ಫೈಲುಗಳ ಹೆಸರೇ ತಕಿಟ ಒಂದು, ತಕಿಟ ಎರಡು, ತಕಧಿಮಿ ಫೈನಲ್. ಮೈಸೂರಿನ ಆ ವಿದ್ವಾಂಸರು ಇದನ್ನು ನೋಡಬೇಕಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮೂರು ಊರಿನವರು ಸೇರಬೇಕಲ್ಲ, ಅಭ್ಯಾಸಕ್ಕೆ ಹೆಚ್ಚಾಗಿ ಸೈಪ್ರೆಸ್‌ಗೆ ಹೋಗುತ್ತಿದ್ದೆವು. ಹ್ಯೂಸ್ಟನ್ನಿನ ಹೊರಗೆ, ಒಂದೇ ಥರದ ಸಾಲುಮನೆಗಳ ನಡುವೆ ಅವಳ ಅಪ್ಪನ ಮನೆ. ಎಂಬತ್ತು ದಾಟಿದ ಮನುಷ್ಯ, ಐರ್ಲೆಂಡಿನ ಪಶ್ಚಿಮದ ಕರಾವಳಿಯವರು, ಟೆಕ್ಸಾಸಿಗೆ ಬಂದು ಸಾವಿರಾರು ಮನೆಗಳಿಗೆ ಕೊಳಾಯಿ ಕೂರಿಸಿದವರು. ನಾವು ಗ್ಯಾರೇಜಿನಲ್ಲಿ ಬೆವರು ಸುರಿಸುತ್ತಾ ನುಡಿಸುತ್ತಿದ್ದರೆ ಅವರು ಒಳಗೆ ಟೀವಿಯ ದನಿ ಏರಿಸಿಕೊಂಡು ಕೂರುತ್ತಿದ್ದರು. ನಾವು ಜೋರು ಮಾಡಿದರೆ ಟೀವಿಯೂ ಜೋರಾಗುತ್ತಿತ್ತು.

ಅವಳಿಗೆ ಹಾಡು ಕಲಿಸಿದವರು ಅವರೇ. ಚಿಕ್ಕಂದಿನಲ್ಲಿ ಅಡಿಗೆಮನೆಯ ಮೇಜಿನ ಹತ್ತಿರ ಕೂರಿಸಿಕೊಂಡು, ತಮ್ಮ ಐರಿಷ್ ಭಾಷೆಯಲ್ಲಿ, ಸಾಲು ಸಾಲಾಗಿ. ಅವರ ಕಡೆ ಆ ಹಾಡುಗಳನ್ನು ಒಬ್ಬರೇ ಹಾಡುತ್ತಾರೆ, ಪಕ್ಕದಲ್ಲಿ ಒಂದು ತಂತಿಯೂ ಮಿಡಿಯುವುದಿಲ್ಲ. ಮಗಳು ಅವಕ್ಕೆ ಲ್ಯಾಪ್‌ಟಾಪು ಸೇರಿಸಿದ ದಿನದಿಂದ ಅವರು ಅವಳ ಒಂದು ಕಾರ್ಯಕ್ರಮಕ್ಕೂ ಬಂದಿರಲಿಲ್ಲ. ಎಂಟು ವರ್ಷ. ಜಗಳವಿಲ್ಲ, ಕೂಗಾಟವಿಲ್ಲ, ಊಟ ಹಾಕುತ್ತಿದ್ದರು, ಬರುತ್ತಿರಲಿಲ್ಲ ಅಷ್ಟೇ.

ಹೋದ ವರ್ಷ ಚಳಿಗಾಲದಲ್ಲಿ ಅವಳು ನನ್ನ ಹತ್ತಿರ ವಿಷಯ ಬಿಚ್ಚಿದಳು. ವಸಂತದಲ್ಲಿ ಆಸ್ಟಿನ್ನಿನಲ್ಲಿ ನಮ್ಮದೇ ಪೂರ್ತಿ ಕಾರ್ಯಕ್ರಮ ಒಂದು ಗೊತ್ತಾಗಿತ್ತು. "ದೋಣಿಯವನ ಹಾಡು ಹಾಡಬೇಕು ಅಂತ ಆಸೆ. ಅದು ನನ್ನಜ್ಜಿ ಹಾಡು, ಅಪ್ಪನಿಂದ ನನಗೆ ಬಂದದ್ದು. ಅವರು ಹೂಂ ಅನ್ನದೆ ಅದನ್ನ ವೇದಿಕೆಗೆ ತರಲ್ಲ" ಎಂದಳು. ಆಮೇಲೆ ಪಿಟೀಲನ್ನು ಪೆಟ್ಟಿಗೆಗೆ ಇಡುತ್ತಾ, "ನನಗೆ ಐವತ್ತೆರಡು ಕಣೇ. ಇನ್ನೂ ಹಾಡು ಮುಗಿದ ತಕ್ಷಣ ಬಾಗಿಲ ಕಡೆ ನೋಡ್ತೀನಿ, ಬಂದಿದ್ದಾರಾ ಅಂತ" ಎಂದಳು. ಇದನ್ನು ಹೇಗಾದರೂ ಮಾಡಿಯೇ ತೀರಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ನನ್ನ ಮೇಲೆ ಆ ಮುದುಕರಿಗೆ ಒಂದು ಚೂರು ಪ್ರೀತಿ ಇತ್ತು, ಅದೂ ಚಹಾದ ಕಾರಣಕ್ಕೆ. ಅಮೆರಿಕದವರ ಬಣ್ಣದ ನೀರನ್ನು ಅವರೂ ಟೀ ಎಂದು ಒಪ್ಪುತ್ತಿರಲಿಲ್ಲ, ನಾನೂ ಒಪ್ಪುತ್ತಿರಲಿಲ್ಲ. ನಾನು ಒಮ್ಮೆ ಅವರ ಅಡಿಗೆಮನೆಯಲ್ಲಿ ಹಾಲು ಹಾಕಿ ಕುದಿಸಿ ಕೊಟ್ಟಿದ್ದೆ. ಅಭ್ಯಾಸಬಲದಿಂದ "ತಗೊಳಿ ಅಂಕಲ್" ಎಂದೆ. "ನಾನು ನಿನಗೆ ಯಾವ ಕಡೆಯಿಂದ ಅಂಕಲ್?" ಎಂದು ಹುಬ್ಬು ಗಂಟಿಕ್ಕಿ ಕೇಳಿದರು. ನಮ್ಮಲ್ಲಿ ತಲೆ ನರೆತವರೆಲ್ಲ ಅಂಕಲ್ಲೇ ಎಂದೆ. ಗುಟುಕರಿಸಿ, "ಹಾಗಾದರೆ ಇನ್ನೊಂದು ಲೋಟ ಕೊಡು" ಎಂದರು.

ಆ ಸಲುಗೆಯನ್ನು ನಂಬಿಕೊಂಡೇ ಒಂದು ಶನಿವಾರ ಚಹಾ ಮುಂದಿಟ್ಟು, "ಅಂಕಲ್, ದೋಣಿಯವನ ಹಾಡು ಒಂದ್ಸಲ ನಿಮ್ಮ ಬಾಯಲ್ಲೇ ಕೇಳಬೇಕು" ಎಂದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಹಾಡುವುದಿಲ್ಲ ಅನ್ನುತ್ತಾರೆ ಎಂದುಕೊಂಡೆ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಶುರು ಮಾಡಿದರು.

ಹಾಡಿನ ಕಥೆ ನನಗೆ ಅವಳು ಮೊದಲೇ ಹೇಳಿದ್ದಳು. ತಂಗಿಯ ಮದುವೆಗೆ ಹೊರಟ ಹೆಂಗಸೊಬ್ಬಳು ಕಡವಿಗೆ ಬರುವಷ್ಟರಲ್ಲಿ ದೋಣಿ ಹೊರಟುಹೋಗಿದೆ. ಆಚೆ ದಡದಲ್ಲಿ ಮದುವೆಯ ಪಿಟೀಲು ಕೇಳುತ್ತಿದೆ, ಈಚೆ ದಡದಲ್ಲಿ ಇವಳು ದೋಣಿಯವನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ನಿನ್ನ ಹುಟ್ಟು ಮುರಿದುಹೋಗ, ನಿನ್ನ ದೋಣಿ ಒಡೆದುಹೋಗ, ಒಂದು ಗಳಿಗೆ ಕಾಯಬಾರದಿತ್ತೇ ಎಂದು ಪದ್ಯದ ಮೇಲೆ ಪದ್ಯ. ನಮ್ಮ ಕಡೆ ಬೀಸುವಾಗ ಹೆಂಗಸರು ಹಾಡುತ್ತಿದ್ದ ಬೈಗುಳದ ಪದಗಳ ಖಾರವೇ ಅದಕ್ಕೂ ಇದೆ. ನನಗೆ ಕೇಳುವ ಮುಂಚೆಯೇ ಇಷ್ಟವಾಗಿತ್ತು.

ಅವರ ದನಿ ಒರಟು, ಆದರೆ ಒಂದೊಂದು ಸ್ವರವನ್ನೂ ಬಳುಕಿಸಿ ಇಳಿಸುವ ರೀತಿ ಕೇಳಿ ನಾನು ಬೆರಗಾದೆ. ಬೆರಗಾದವಳು ಸುಮ್ಮನಿರಬೇಕಿತ್ತು. ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ಎದ್ದಿತು. ಮೈಸೂರಿನ ಸಭೆಗಳಲ್ಲಿ ನಾನು ಬೆಳೆದದ್ದೇ ಹಾಗೆ. ಹಾಡುವವರ ಎದುರು ಮೊದಲ ಸಾಲಿನಲ್ಲಿ ಕೂತವರು ತೊಡೆ ತಟ್ಟಿ, ಬೆರಳೆಣಿಸಿ ತಾಳ ಹಾಕಬೇಕು. ಹಾಕದೆ ಕೂತರೆ ಇವರಿಗೆ ಹಾಡು ರುಚಿಸಿಲ್ಲ ಎಂದು ಅರ್ಥ. ಅದು ನಮ್ಮ ಮರ್ಯಾದೆ. ಆದಿತಾಳಕ್ಕೆ ಹಾಕಿ ನೋಡಿದೆ, ಕೂರಲಿಲ್ಲ. ರೂಪಕಕ್ಕೆ ಹಾಕಿದೆ, ಒಂದು ಸಾಲು ಕೂತು ಇನ್ನೊಂದು ಜಾರಿತು. ನನಗೆ ಹಟ ಬಂತು. ಎಲ್ಲಿ ಹೋಗ್ತೀಯ ಎಂದು ಅದನ್ನು ಬೆನ್ನಟ್ಟಿದೆ. ಮೂರನೇ ಪದ್ಯದಲ್ಲಿ ಸಿಕ್ಕೇಬಿಟ್ಟಿತು ಅನ್ನಿಸಿ, ಸಂತೋಷಕ್ಕೆ ಅವರ ಅಡಿಗೆಮನೆಯ ಮೇಜಿನ ಮೇಲೆಯೇ ಟಕ್ಕೆಂದು ತಟ್ಟಿದೆ.

ಹಾಡು ನಿಂತಿತು. ಅವರು ಕಣ್ಣು ಬಿಟ್ಟು ನನ್ನ ಕೈ ನೋಡಿದರು.

"ಏನು ಎಣಿಸ್ತಿದ್ದೀಯ?"

"ತಾಳ, ಅಂಕಲ್."

"ಅವಳ ಸಿಟ್ಟಿಗೆ ಎಣಿಕೆ ಇದೆಯಾ?" ಎಂದರು. ಮಗಳ ಕಡೆ ತಿರುಗಿ, "ಇದಕ್ಕೇ ನಾನು ಬೇಡ ಅಂದದ್ದು. ನೀವು ಇದನ್ನ ಕುಣಿಸ್ತೀರಿ" ಎಂದರು. ಎದ್ದು ಮೂರೂ ಲೋಟಗಳನ್ನು ಸಿಂಕಿಗೆ ಹಾಕಿ, ನಲ್ಲಿ ತಿರುಗಿಸಿ ತೊಳೆಯತೊಡಗಿದರು. ನನ್ನ ಲೋಟದಲ್ಲಿ ಅರ್ಧ ಚಹಾ ಇನ್ನೂ ಇತ್ತು.

ಸೈಪ್ರೆಸ್‌ನಿಂದ ಡಲ್ಲಾಸಿಗೆ ನಾಲ್ಕು ಗಂಟೆಯ ದಾರಿ. ಅವಳು ಡ್ರೈವ್ ಮಾಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನಡುದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ, "ಹೋಗ್ಲಿ ಬಿಡು, ಬೇರೆ ಹಾಡು ಹಾಡೋಣ" ಎಂದಳು. ನನಗೆ ಆಗಲೇ ಅಳು ಬಂದದ್ದು. ಎಂಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಮಗಳ ಸಂಗೀತದವರ ಎದುರು ಹಾಡಲು ಬಾಯಿ ಬಿಟ್ಟಿದ್ದರು. ಅದನ್ನು ನಾನು ಕೈಯಾರೆ ಕೆಡಿಸಿದ್ದೆ, ಅದೂ ಬಹಳ ಮರ್ಯಾದೆ ತೋರಿಸುತ್ತಿದ್ದೇನೆ ಅಂದುಕೊಂಡು.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿಕೊಂಡೆ. ಸಮಾಧಾನ ಮಾಡುತ್ತಾರೆ ಎಂದುಕೊಂಡರೆ ಅವರು ಹಣೆ ಚಚ್ಚಿಕೊಂಡರು. "ಏನ ಮಾಡಿ ಬಂದಿ ಮಾರಾಯ್ತಿ! ನಮ್ಮ ಅಜ್ಜ ನಸುಕಿನ್ಯಾಗ ಒಬ್ಬನ ಕುಂತು ವಚನಾ ಹಾಡ್ತಿದ್ದ. ಬಾಜೂದಾಗ ಯಾರರ ಚಿಟಕಿ ಹೊಡದ್ರ ಎದ್ದ ಹೋಗಿಬಿಡ್ತಿದ್ದ. ಮಾತಿಗೆ ತಾಳಾ ಎಲ್ಲೈತಿ?" ಎಂದರು. ಆಮೇಲೆ ನನ್ನ ಮುಖ ನೋಡಿ ಮಾತು ನಿಲ್ಲಿಸಿ ಅನ್ನ ಕಲಸಿ ಕೊಟ್ಟರು. ನನ್ನನ್ನು ಚುಚ್ಚಿದ್ದು ಏನೆಂದರೆ, ನನಗೆ ಇದು ಗೊತ್ತಿರದ ವಿಷಯವೇ ಅಲ್ಲ. ಗಾಯಕರು ಆಲಾಪನೆ ಮಾಡುವಷ್ಟು ಹೊತ್ತೂ ಮೃದಂಗದವರು ವಾದ್ಯದ ಮೇಲೆ ಕೈಯಿಟ್ಟು ಸುಮ್ಮನೆ ಕೂರಬೇಕು. ಗುರುಗಳು ನನಗೆ ಒಂದು ಇಡೀ ತಿಂಗಳು ಅದನ್ನೇ ಪಾಠ ಮಾಡಿಸಿದ್ದರು. ಅವರು ಹಾಡುವುದು, ನಾನು ಸುಮ್ಮನೆ ಕೂರುವುದು. ಬೆರಳು ಅಲುಗಿದರೆ, "ಅಲ್ಲೇನಮ್ಮ ಅವಸರ?" ಎನ್ನುತ್ತಿದ್ದರು. ಅದನ್ನೆಲ್ಲ ಕಲಿತ ಕೈ ಸೈಪ್ರೆಸ್‌ನ ಅಡಿಗೆಮನೆಯಲ್ಲಿ ಹೀಗೆ ಮಾಡಿತು.

ಮುಂದಿನ ಅಭ್ಯಾಸಕ್ಕೆ ಆಸ್ಟಿನ್ನಿನಲ್ಲಿ ಸೇರಿದಾಗ ಬೋಳುತಲೆಯವನು ಆ ಹಾಡಿಗೆ ತಾನು ಮಾಡಿಟ್ಟಿದ್ದನ್ನು ಕೇಳಿಸಿದ. ದಢ್ ದಢ್ ಎಂದು ಬೀಟು, ಅದರ ಮೇಲೆ ಅವಳ ದನಿಯ ಹಳೆಯ ರೆಕಾರ್ಡಿಂಗು ಕತ್ತರಿಸಿ ಹಾಕಿದ್ದ. ಕೇಳಲು ಚೆನ್ನಾಗಿಯೇ ಇತ್ತು, ಅದೇ ತೊಂದರೆ.

"ಬೀಟ್ ತೆಗಿ" ಎಂದೆ.

"ಸ್ವಲ್ಪ ಕಡಿಮೆ ಮಾಡ್ಲಾ?"

"ಕಡಿಮೆ ಅಲ್ಲ, ತೆಗಿ. ಪೂರ್ತಿ."

"ಹಾಗಾದ್ರೆ ನೀನೇನು ಬಾರಿಸ್ತೀಯ?"

"ನಾನೂ ಬಾರಿಸಲ್ಲ."

ಅವನು ಗಿಟಾರಿನವನ ಮುಖ ನೋಡಿದ, ಗಿಟಾರಿನವನು ಎಂದಿನ ಹಾಗೆ ತಂತಿ ಬಿಗಿ ಮಾಡುತ್ತಿದ್ದ. ಅರ್ಧ ಗಂಟೆ ಜಗಳವಾಡಿದೆವು. ಆಫೀಸಿನಲ್ಲಿ ತಪ್ಪಿರುವ ಸಾಫ್ಟ್‌ವೇರ್ ಹೊರಗೆ ಹೋಗದ ಹಾಗೆ ಅಡ್ಡ ನಿಲ್ಲುವುದೇ ನನ್ನ ಸಂಬಳದ ಕೆಲಸ, ಇಲ್ಲಿ ಬಿಡುತ್ತೇನೆಯೇ? ಕೊನೆಗೆ ಚೀಲದಲ್ಲಿ ತಂದಿದ್ದ ನಮ್ಮ ದೇವರಮನೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಅವನ ಕೈಗಿಟ್ಟು, ಹಾಡಿನ ಕೆಳಗೆ ಇಂಥದ್ದೊಂದು ನಾದ ಮಾತ್ರ ಇರಲಿ, ನೀರಿನ ಹಾಗೆ, ಅದು ಇದೆ ಅಂತಲೂ ಗೊತ್ತಾಗಬಾರದು ಎಂದೆ. ಅವನು ಗೊಣಗಿಕೊಂಡೇ ಕೂತ. ಎರಡು ವಾರ ಬಿಟ್ಟು ಕಳಿಸಿದ್ದನ್ನು ಕೇಳಿ ನಾನು ಕಾರು ಪಕ್ಕಕ್ಕೆ ನಿಲ್ಲಿಸಿದೆ. ಅವಳ ಪಿಟೀಲಿನ ಒಂದೇ ಸ್ವರವನ್ನು ಎಳೆದು, ಮಂದವಾಗಿಸಿ, ಒಳಗೊಳಗೇ ಹಿಗ್ಗಿ ಕುಗ್ಗುವ ಹಾಗೆ ಮಾಡಿದ್ದ. ಶಹಭಾಸ್ ಬೋಳುತಲೆಯವನೇ ಎಂದು ಅವನಿಗೆ ಕನ್ನಡದಲ್ಲೇ ವಾಯ್ಸ್ ಮೆಸೇಜ್ ಹಾಕಿದೆ.

ಅದನ್ನು ಕೇಳಿದ ಮೇಲೆ ಅವಳೂ ಬೇರೆ ಹಾಡಿನ ಮಾತು ಬಿಟ್ಟಳು. ಉಳಿದದ್ದು ನನ್ನ ಕೆಲಸ. ಕ್ಷಮೆ ಕೇಳುವುದು ನನ್ನ ಸ್ವಭಾವದಲ್ಲಿಲ್ಲ, ಮನೆಯಲ್ಲಿ ಬೇಕಾದರೆ ಕೇಳಿ. ಆದರೂ ಸೈಪ್ರೆಸ್‌ಗೆ ಫೋನ್ ಮಾಡಿದೆ.

"ಅಂಕಲ್, ನಮ್ಮ ಕಡೆ ತಾಳ ಹಾಕಿದ್ರೆ ಮರ್ಯಾದೆ ಕೊಟ್ಟ ಹಾಗೆ. ನಾನು ಮರ್ಯಾದೆ ಕೊಡೋಕೆ ಹೋಗಿ ಎಡವಟ್ಟು ಮಾಡಿದೆ. ತಪ್ಪಾಯ್ತು."

ಆ ಕಡೆ ಟೀವಿಯ ಸದ್ದು ಕಡಿಮೆಯಾಯಿತು.

"ಅವಳು ಹಾಡೋವಾಗ ನಾನು ಕೈ ಎತ್ತಲ್ಲ. ಬೀಟೂ ಇರಲ್ಲ. ನೀವು ಬಂದು ಕೇಳಿ. ಇಷ್ಟ ಆಗದಿದ್ರೆ ಅವಳು ಇನ್ನೆಂದೂ ಅದನ್ನ ಹಾಡಲ್ಲ ಅಂತ ನಿಮಗೆ ಹೇಳೋಕೆ ಹೇಳಿದ್ದಾಳೆ. ಬೇಡ ಅನ್ನೋದಾದ್ರೆ ಈಗಲೇ ಅಂದುಬಿಡಿ."

"ಆ ಬೋಳುತಲೆ ಸುಮ್ಮನಿರ್ತಾನಾ?"

"ಅವನ ಕೈ ಕಟ್ಟಿಹಾಕಿದ್ದೀನಿ."

ಆ ಕಡೆ ಯಾವುದೋ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ, "ನೀನು ತಂದಿದ್ಯಲ್ಲ ಆ ಟೀ ಪುಡಿ, ಮುಗಿದಿದೆ" ಎಂದು ಫೋನ್ ಇಟ್ಟರು. ಬರುತ್ತೇನೆ ಅನ್ನಲಿಲ್ಲ, ಹಾಡಬೇಡಿ ಅಂತಲೂ ಅನ್ನಲಿಲ್ಲ. ಅದನ್ನೇ ಹೂಂ ಅಂತ ಇಟ್ಟುಕೊಳ್ಳೋಣ ಎಂದಳು ಮಗಳು. ನಾನು ಅಂದೇ ಎರಡು ಪೊಟ್ಟಣ ಟೀ ಪುಡಿ ಪಾರ್ಸೆಲ್ ಮಾಡಿದೆ.

ಆಸ್ಟಿನ್ನಿನ ಕಾರ್ಯಕ್ರಮ ಭಾನುವಾರ ಮಧ್ಯಾಹ್ನ, ಮರದ ನೆಲದ ಒಂದು ಹಳೆಯ ಹಾಲಿನಲ್ಲಿ. ಮೊದಲ ಸಾಲಿನ ಒಂದು ಕುರ್ಚಿಯ ಮೇಲೆ ಅವಳು ತನ್ನ ಶಾಲು ಇಟ್ಟಿದ್ದಳು. ಶುರುವಾಗುವ ಹೊತ್ತಿಗೂ ಅಲ್ಲಿ ಶಾಲೇ ಕೂತಿತ್ತು. ನನ್ನ ಗಂಡ ಪಕ್ಕದ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ "ಇಲ್ಲೊಬ್ರು ಬರೋರು ಇದ್ದಾರೆ" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಮೊದಲರ್ಧ ಜೋರಾಗಿ ಹೋಯಿತು. ಜಿಗ್‌ಗೆ ಜನ ಕುರ್ಚಿ ತಳ್ಳಿ ಕುಣಿದರು, ನನ್ನ ಒಂದು ಮುಕ್ತಾಯಕ್ಕೆ ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಈಗ ಎಲ್ಲಿ ಮುಗಿಸಬೇಕು ಎಂದು ನನಗೆ ಗೊತ್ತು. ಅವಳ ಕಣ್ಣು ಮಾತ್ರ ಬಾಗಿಲ ಕಡೆಗೇ ಹೋಗುತ್ತಿತ್ತು.

ದೋಣಿಯವನ ಹಾಡಿನ ಸರದಿ ಬಂತು. ಬೋಳುತಲೆಯವನು ಆ ನಾದವನ್ನು ಬಿಟ್ಟ. ಅವಳು ಪಿಟೀಲು ಕೆಳಗಿಟ್ಟು, ಮೈಕಿನ ಮುಂದೆ ನಿಂತು, ಶುರು ಮಾಡದೆ ಹಾಗೇ ನಿಂತಳು. ಬಾಗಿಲು ನೋಡಿದಳು. ಖಾಲಿ. ಕಣ್ಣು ಮುಚ್ಚಿ ಹಾಡತೊಡಗಿದಳು. ಎರಡನೇ ಪದ್ಯದಲ್ಲಿ ಬಾಗಿಲು ತೆರೆಯಿತು, ಹೊರಗಿನ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿತ್ತು, ಬಾಗಿಲು ಮತ್ತೆ ಮುಚ್ಚಿಕೊಂಡಿತು. ಟೋಪಿ ಕೈಯಲ್ಲಿ ಹಿಡಿದು ಆ ಮುದುಕರು ಗೋಡೆಗೆ ಒರಗಿ ನಿಂತಿದ್ದರು. ಆ ವಯಸ್ಸಿನಲ್ಲಿ ಒಬ್ಬರೇ ಮೂರು ಗಂಟೆ ಪಿಕಪ್ ಓಡಿಸಿಕೊಂಡು ಬಂದಿದ್ದರು. ನಾನು ನೋಡಿದೆ, ಅವಳು ನೋಡಲಿಲ್ಲ. ನಾಲ್ಕನೇ ಪದ್ಯದ ಬೈಗುಳಕ್ಕೆ ಬಂದಾಗ ಅವಳ ದನಿ ಒಂದು ಸಲ ಬಿರುಕು ಬಿಟ್ಟಿತು, ಅವಳು ಅದನ್ನು ಮುಚ್ಚಿಕೊಳ್ಳಲು ಹೋಗದೆ ಹಾಗೇ ಬಿಟ್ಟಳು. ಹಾಲಿನಲ್ಲಿ ಒಂದು ಕುರ್ಚಿಯೂ ಕಿರಗುಟ್ಟಲಿಲ್ಲ. ಆ ಆರೇಳು ನಿಮಿಷ ನಾನು ಮೃದಂಗದ ಮೇಲೆ ಎರಡೂ ಕೈಯಿಟ್ಟು ಕೂತಿದ್ದೆ, ಏನೂ ಮಾಡಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ಪಕ್ಕವಾದ್ಯ ನುಡಿಸಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಹಾಡು ಮುಗಿದು ಅವಳು ಕಣ್ಣು ಬಿಟ್ಟಾಗ ಅವರು ಬಾಗಿಲ ಹತ್ತಿರ ಇರಲಿಲ್ಲ. ಚಪ್ಪಾಳೆ ಇನ್ನೂ ಬೀಳುತ್ತಿತ್ತು. ನಾನು ಬಗ್ಗಿ, "ಬಂದಿದ್ರು. ನಾನು ನೋಡಿದೆ, ಬಂದಿದ್ರು ಕಣೇ" ಎಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಉಳಿದ ಮೂರು ಹಾಡುಗಳನ್ನು ಹೇಗೆ ನುಡಿಸಿದೆವೋ ನೆನಪಿಲ್ಲ.

ಸಾಮಾನು ತುಂಬಲು ಹಿಂದಿನ ಪಾರ್ಕಿಂಗ್ ಜಾಗಕ್ಕೆ ಬಂದರೆ ಅವರ ಪಿಕಪ್ ಅಲ್ಲೇ ಇತ್ತು. ಹಿಂದಿನ ಹಲಗೆ ಬಿಚ್ಚಿ ಅದರ ಮೇಲೆ ಕೂತಿದ್ದರು, ಬಿಸಿಲಿಗೆ ಕುತ್ತಿಗೆ ಕೆಂಪಾಗಿತ್ತು. ಅವಳು ಕೈಯಲ್ಲಿ ಪಿಟೀಲಿನ ಪೆಟ್ಟಿಗೆ ಹಿಡಿದು ನಿಂತುಬಿಟ್ಟಳು. ಚೆನ್ನಾಗಿತ್ತು ಎಂದಾರು, ಕೆಟ್ಟದಾಗಿತ್ತು ಎಂದಾರು, ಎರಡಕ್ಕೂ ಅವಳು ತಯಾರಾಗಿದ್ದಳು.

"ಹಾಡು ಅಲ್ಲಿಗೆ ಮುಗಿಯಲ್ಲ" ಎಂದರು.

"ಅಪ್ಪಾ?"

"ಇನ್ನೊಂದು ಪದ್ಯ ಇದೆ."

"ನೀನು ಹೇಳಿಕೊಟ್ಟೇ ಇಲ್ಲ!" ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು.

"ನನಗೂ ಅಮ್ಮ ಮೊದಲೇ ಹೇಳಿಕೊಡಲಿಲ್ಲ. ಬೈಗುಳ ಪೂರ್ತಿ ಹಾಡೋಕೆ ಬಂದವರಿಗೆ ಮಾತ್ರ ಅದನ್ನ ಕೊಡೋದು ಅಂದಿದ್ದಳು." ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿ, "ಕೂತ್ಕೋ" ಎಂದರು.

ಅವಳು ಕೂತಳು. ನಾನು ಹೋಗಲು ತಿರುಗಿದೆ, ಅವರು ಕೈಸನ್ನೆ ಮಾಡಿ ಅಲ್ಲೇ ಇರಲು ಹೇಳಿದರು. ಬೋಳುತಲೆಯವನು ವೈರುಗಳ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದವನು ಹಾಗೇ ನಿಂತ. ಅವರು ಒಂದು ಸಾಲು ಹಾಡಿದರು, ಅವಳು ತಿರುಗಿ ಹಾಡಿದಳು. "ಅಲ್ಲ, ಮತ್ತೆ" ಎಂದರು. ಮತ್ತೆ ಹಾಡಿದಳು. ನನ್ನ ಗುರುಗಳ ಮನೆಯ ಜಗುಲಿಯಲ್ಲಿ ನಡೆಯುತ್ತಿದ್ದ ಪಾಠವೇ ಆಸ್ಟಿನ್ನಿನ ಪಾರ್ಕಿಂಗ್ ಜಾಗದಲ್ಲಿ ನಡೆಯುತ್ತಿತ್ತು. ಮೂರನೇ ಸಾಲಿಗೆ ಬಂದಾಗ ಅವಳಿಗೆ ಅದರ ಅರ್ಥ ಹೊಳೆದಿರಬೇಕು, ದನಿ ಹೊರಡಲಿಲ್ಲ, ಮುಖ ಮುಚ್ಚಿಕೊಂಡಳು.

"ಅಳೋದು ಆಮೇಲೆ" ಎಂದರು. "ಮೊದಲು ಸಾಲು ಹಿಡಿ."

ಅವಳು ಕಣ್ಣೊರೆಸಿಕೊಂಡು ಹಿಡಿದಳು. ಅರ್ಥವನ್ನು ನನಗೆ ಅವಳು ಹೇಳಿದ್ದು ಮನೆಗೆ ಬರುವ ದಾರಿಯಲ್ಲಿ. ಆ ಪದ್ಯದಲ್ಲಿ ಹೆಂಗಸಿನ ಬೈಗುಳ ಮುಗಿದಿರುತ್ತದೆ. ಸಂಜೆಯಾಗಿದೆ, ಆಚೆ ದಡದಲ್ಲಿ ಪಿಟೀಲೂ ನಿಂತಿದೆ. ಆಗ ಅವಳು ತನ್ನಷ್ಟಕ್ಕೆ ಒಪ್ಪಿಕೊಳ್ಳುತ್ತಾಳೆ, ದೋಣಿಯವನು ಕಾದಿದ್ದ, ಉಬ್ಬರದ ನೀರು ಇಳಿಯುವ ತನಕ ಕಾದಿದ್ದ, ತಡ ಮಾಡಿದ್ದು ನಾನೇ ಎಂದು.

ಆ ಕೊನೆಯ ಸಾಲನ್ನು ಅವರು ಮಗಳ ಮುಖ ನೋಡಿಕೊಂಡು ಹಾಡಿದರು. ಅವಳು ಅದನ್ನು ಮೊದಲ ಸಲಕ್ಕೇ ಸರಿಯಾಗಿ ಹಿಡಿದಳು. ಆದರೂ ಅವರು ಇನ್ನೊಂದು ಸಲ ಹಾಡಿದರು.